ಇಟಾಲಿಯನ್ ಓದೋಕೆ ಹೋದೆ, ನಮ್ಮನೆ ಮಾತಿನ ಬೆಲೆ ಗೊತ್ತಾಯ್ತು

ಪುಣೆ, ಮುಂಬಯಿ, ಹೈದರಾಬಾದ್, ಚೆನ್ನೈ, ದಿಲ್ಲಿ, ಎಲ್ಲೆಲ್ಲೋ ಕೂತು ನೀವು ಇದನ್ನ ನೋಡ್ತಾ ಇರಬಹುದು. ಕೆಲವರು ಆಫೀಸ್ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರಬಹುದು. ಕಂಪನಿ ಬಸ್ಸಲ್ಲಿ ಕೂತೇ ನಾನು ಎರಡು ವರ್ಷ ಇಟಾಲಿಯನ್ ಕ್ರಿಯಾಪದ ಬಾಯಿಪಾಠ ಮಾಡಿದವಳು.

ನನ್ನ ಊರು ಹೊನ್ನಾವರದ ಹತ್ತಿರ, ಶರಾವತಿ ದಂಡೆ. ಎಂಟು ವರ್ಷ ಪುಣೆಯ ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದೆ. ಅದರಲ್ಲಿ ಕೊನೆಯ ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಇಟಾಲಿಯನ್ ಭಾಷೆಯ ಮೊದಲ ಎರಡು ಹಂತ, ಎ1 ಮತ್ತು ಎ2, ಮುಗಿಸಿದೆ. ಆಮೇಲೆ ಒಂದು ವರ್ಷ ಕೆಲಸ ಬಿಟ್ಟು ಇಟಲಿಯ ಪೆರೂಜಾ ಊರಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭಾಷೆ, ಇತಿಹಾಸ, ಸಂಸ್ಕೃತಿ ಓದಿದೆ. ಇವತ್ತು ಅದರ ಬಗ್ಗೆ ಮಾತಾಡ್ತೀನಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ ಮುಗಿಸಿಬಿಡೋಣ. "ಇಟಾಲಿಯನ್ ಯಾಕೆ? ಜರ್ಮನ್ ಕಲಿತಿದ್ರೆ ಕೆಲಸ ಸಿಗ್ತಿತ್ತಲ್ಲ?" ಅಪ್ಪ ಕೇಳಿದ್ರು, ಮ್ಯಾನೇಜರ್ ಕೇಳಿದ್ರು, ಬ್ಯಾಂಕಿನವರೂ ಕೇಳಿದ್ರು. ಅದಕ್ಕೆ ಒಂದು ಉದ್ಯೋಗದ ಉತ್ತರ ಇದೆ. ಪುಣೆಯವರಿಗೆ ಗೊತ್ತು, ಬಾರಾಮತಿಯಲ್ಲಿ ಪಿಯಾಜಿಯೊ ಇದೆ, ಫೆರೆರೊ ಇದೆ, ರಾಂಜಣಗಾಂವ್‌ನಲ್ಲಿ ಫಿಯೆಟ್ ಇದೆ. ಭಾಷೆ ಗೊತ್ತಿರೋ ಇಂಜಿನಿಯರ್‌ಗೆ ಬೇಡಿಕೆ ಸ್ವಲ್ಪ ಇದ್ದೇ ಇದೆ. ಈಗ ನಾನು ಮಾಡ್ತಿರೋ ಕೆಲಸವೂ ಅಂಥದ್ದೇ: ಇಟಲಿಯ ಗ್ರಾಹಕರ ಜೊತೆ ವ್ಯವಹಾರ, ದಾಖಲೆಗಳ ಅನುವಾದ. ಆದರೆ ಕೆಲಸಕ್ಕೋಸ್ಕರ ಮಾತ್ರ ಓದಿದೆ ಅಂದ್ರೆ ಅದು ಪೂರ್ತಿ ಉತ್ತರ ಅಲ್ಲ. ಒಂದು ಭಾಷೆಯನ್ನ ಅದರ ಇತಿಹಾಸದ ಸಮೇತ ಓದಿದಾಗ ಏನಾಗುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಇವತ್ತಿನ ಮಾತು ಅದರ ಬಗ್ಗೆನೇ.

ವಿದೇಶಿಯರಿಗಾಗಿಯೇ ಒಂದು ವಿಶ್ವವಿದ್ಯಾಲಯ

ಪೆರೂಜಾ ಇಟಲಿಯ ನಡುಮಧ್ಯದ ಉಂಬ್ರಿಯಾ ಪ್ರಾಂತದ ಊರು, ಗುಡ್ಡದ ನೆತ್ತಿಯ ಮೇಲಿದೆ. ಅಲ್ಲಿ ಎರಡು ವಿಶ್ವವಿದ್ಯಾಲಯ. ಒಂದು 1308ರಲ್ಲಿ ಸ್ಥಾಪನೆಯಾದದ್ದು, ಎಲ್ಲ ವಿಷಯ ಕಲಿಸೋದು. ಇನ್ನೊಂದು ನಾನು ಹೋದದ್ದು, "ವಿದೇಶಿಯರ ವಿಶ್ವವಿದ್ಯಾಲಯ". 1921ರಲ್ಲಿ ಆಸ್ತೊರ್ರೆ ಲುಪಾತೆಲ್ಲಿ ಎಂಬ ಊರಿನ ವಕೀಲರು ಇಟಲಿಯ ಕಲೆ, ಇತಿಹಾಸದ ಬಗ್ಗೆ ಉಪನ್ಯಾಸಗಳನ್ನ ಶುರು ಮಾಡಿದ್ರು. 1925ರಲ್ಲಿ ಅದು ವಿಶ್ವವಿದ್ಯಾಲಯವೇ ಆಯ್ತು. ನಮ್ಮ ತರಗತಿಗಳು ನಡೀತಿದ್ದದ್ದು 18ನೇ ಶತಮಾನದ ಒಂದು ಅರಮನೆಯಲ್ಲಿ. ಅದರ ಎದುರಿಗೇ ಎತ್ರುಸ್ಕನ್ನರು ಕಟ್ಟಿದ ಊರಬಾಗಿಲು ನಿಂತಿದೆ, ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಅದರ ಕೆಳಗೇ ನಗರಸಾರಿಗೆ ಬಸ್ಸು ತಿರುಗುತ್ತೆ, ಹುಡುಗರು ಕಾಫಿ ಹಿಡ್ಕೊಂಡು ಕೂತಿರ್ತಾರೆ. ಹಂಪಿ, ಬಾದಾಮಿ ನೋಡಿದ ನಮಗೆ ಹಳೆ ಕಲ್ಲು ಹೊಸದಲ್ಲ. ಆದರೆ ಆ ಕಲ್ಲಿನ ಕೆಳಗೆ ದಿನಾ ಕ್ಲಾಸಿಗೆ ಹೋಗೋದು ಹೊಸದು.

ಇತಿಹಾಸದ ಮೊದಲ ಪಾಠ ನನಗೆ ಸಿಕ್ಕಿದ್ದು ಬೇಕರಿಯಲ್ಲಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಇಲ್ಲ! ಕೇಳಿದ್ರೆ ಊರವರು ಒಂದು ಕಥೆ ಹೇಳ್ತಾರೆ. 1540ರಲ್ಲಿ ಪೋಪ್ ಮೂರನೇ ಪೌಲ ಉಪ್ಪಿನ ಮೇಲೆ ಹೊಸ ತೆರಿಗೆ ಹಾಕಿದ, ಪೆರೂಜಾ ದಂಗೆ ಎದ್ದಿತು, ಸೋತಿತು. ಆವಾಗಿಂದ ಸಿಟ್ಟಿಗೆ ನಾವು ಬ್ರೆಡ್ಡಿಗೆ ಉಪ್ಪು ಹಾಕೋದಿಲ್ಲ ಅಂತ. ಬ್ರೆಡ್ಡಿನ ಕಥೆಯನ್ನ ಇತಿಹಾಸಕಾರರು ಅಷ್ಟಾಗಿ ಒಪ್ಪೋದಿಲ್ಲ. ಆದರೆ ದಂಗೆ ನಿಜ, ಸೋತ ಮೇಲೆ ಪೋಪ್ ಊರಿನ ಮನೆಗಳ ಮೇಲೆಯೇ ಕೋಟೆ ಕಟ್ಟಿಸಿದ್ದೂ ನಿಜ. ಆ ಹಳೆ ಬೀದಿಗಳು ಇವತ್ತಿಗೂ ಕೋಟೆಯ ಹೊಟ್ಟೆಯೊಳಗಿವೆ. ಅವುಗಳ ಮಧ್ಯದಿಂದಲೇ ಎಸ್ಕಲೇಟರ್ ಹಾಯುತ್ತೆ. ನಾನು ಉತ್ತರ ಕನ್ನಡದವಳು, 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಥೆ ಕೇಳ್ಕೊಂಡು ಬೆಳೆದವಳು. ಉಪ್ಪಿನ ತೆರಿಗೆ ಅಂದ ತಕ್ಷಣ ನನಗೆ ಆ ಊರು ಅರ್ಥವಾಯ್ತು.

ಇನ್ನೊಂದು, "ತೊರ್ತಾ ಅಲ್ ತೆಸ್ತೊ" ಅಂತ ಉಂಬ್ರಿಯಾದ ರೊಟ್ಟಿ ಇದೆ. ತೆಸ್ತೊ ಅಂದರೆ ಅದನ್ನ ಬೇಯಿಸೋ ದುಂಡನೆಯ ಹಂಚು. ನಮ್ಮ ರೊಟ್ಟಿ ಹಂಚಿನ ಅಣ್ಣ ತಮ್ಮ ಅಂತಿಟ್ಕೊಳ್ಳಿ.

ಕನ್ನಡದವರಿಗೆ ಏನು ಸುಲಭ, ಏನು ಕಷ್ಟ

ತರಗತಿಯಲ್ಲಿ ಚೀನಾ, ಬ್ರೆಜಿಲ್, ಅಮೆರಿಕ, ನೈಜೀರಿಯಾ, ಎಲ್ಲ ಕಡೆಯವರೂ ಇದ್ರು. ಮೊದಲ ವಾರವೇ ಉಚ್ಚಾರಣೆಯಲ್ಲಿ ನಾನು ಮುಂದೆ. ಅದು ನನ್ನ ಬುದ್ಧಿವಂತಿಕೆ ಅಲ್ಲ, ಕನ್ನಡದ ಕೊಡುಗೆ. ಇಟಾಲಿಯನ್‌ನಲ್ಲಿ ಒತ್ತಕ್ಷರ ಬಹಳ ಮುಖ್ಯ. "ಪೇನಾ" ಅಂದರೆ ನೋವು, ಶಿಕ್ಷೆ. "ಪೆನ್ನಾ" ಅಂದರೆ ಪೆನ್ನು. "ನೋನೊ" ಅಂದರೆ ಒಂಬತ್ತನೆಯವನು. "ನೊನ್ನೊ" ಅಂದರೆ ಅಜ್ಜ. "ಕಪೆಲ್ಲೊ" ಕೂದಲು, "ಕಪ್ಪೆಲ್ಲೊ" ಟೊಪ್ಪಿ. ಇಂಗ್ಲಿಷ್ ಮಾತಾಡೋ ಹುಡುಗರಿಗೆ ಈ ವ್ಯತ್ಯಾಸ ಕಿವಿಗೇ ಬೀಳ್ತಿರಲಿಲ್ಲ. ನಮಗೆ ಕತೆಗೂ ಕತ್ತೆಗೂ, ಬಳಿಗೂ ಬಳ್ಳಿಗೂ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಜೊತೆಗೆ ಇಟಾಲಿಯನ್ ಪದಗಳು ಹೆಚ್ಚಿನವು ಸ್ವರದಲ್ಲೇ ಮುಗಿಯುತ್ತವೆ. ನಾವೂ ಬಸ್ಸನ್ನ "ಬಸ್ಸು", ಕಾರನ್ನ "ಕಾರು" ಮಾಡಿಕೊಂಡವರೇ ತಾನೆ!

ಕಷ್ಟ ಯಾವುದು ಅಂದ್ರೆ ಲಿಂಗ. ಕನ್ನಡದಲ್ಲಿ ಮೇಜು, ಕುರ್ಚಿ, ಬೇಸರ ಎಲ್ಲ "ಅದು". ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು, ಚಂದ್ರ ಹೆಣ್ಣು. ಹಿಂದಿ ಚೆನ್ನಾಗಿ ಬರೋ ದಿಲ್ಲಿ ಕನ್ನಡಿಗರಿಗೆ, ಮರಾಠಿ ಬರೋ ಪುಣೆ ಕನ್ನಡಿಗರಿಗೆ ಇದು ಸ್ವಲ್ಪ ಬೇಗ ಹತ್ತುತ್ತೆ.

ಗೌರವ ಸೂಚಿಸೋ ರೀತಿಯೂ ಮಜವಾಗಿದೆ. ಹಿರಿಯರನ್ನ, ಅಪರಿಚಿತರನ್ನ ಮಾತಾಡಿಸುವಾಗ "ಲೇಯಿ" ಅನ್ನಬೇಕು. ಅದರ ಮೂಲ ಅರ್ಥ "ಅವಳು"! ಎದುರಿಗೆ ಮೀಸೆ ಹೊತ್ತ ಪೊಲೀಸ್ ನಿಂತಿದ್ದರೂ ವ್ಯಾಕರಣದ ಲೆಕ್ಕದಲ್ಲಿ "ಅವಳು ಹೇಗಿದ್ದಾಳೆ?" ಅಂತ ಕೇಳ್ತೀವಿ. 1938ರಲ್ಲಿ ಮುಸೊಲಿನಿಯ ಸರ್ಕಾರ ಈ "ಲೇಯಿ" ಗುಲಾಮಿ ಶಬ್ದ, ಪರದೇಶದ್ದು ಅಂತ ಹೇಳಿ, "ವೋಯಿ" ಅನ್ನಬೇಕು ಅಂತ ದೊಡ್ಡ ಅಭಿಯಾನವನ್ನೇ ನಡೆಸಿತು. ಆ ಸರ್ಕಾರ ಹೋಯ್ತು, "ಲೇಯಿ" ಉಳೀತು. ವ್ಯಾಕರಣದ ಪಾಠದಲ್ಲೇ ರಾಜಕೀಯ ಹೇಗೆ ಬರುತ್ತೆ ನೋಡಿ. ಜನ ಒಬ್ಬರನ್ನೊಬ್ಬರು ಹೇಗೆ ಕರೀಬೇಕು ಅನ್ನೋದನ್ನ ಸರ್ಕಾರ ನಿರ್ಧರಿಸೋಕೆ ಹೋದ್ರೆ ಏನಾಗುತ್ತೆ ಅನ್ನೋದು ನಮಗೆ ಅವತ್ತಿನ ಚರ್ಚೆಯಾಗಿತ್ತು.

ದೇಶಕ್ಕಿಂತ ಮೊದಲು ಹುಟ್ಟಿದ ಭಾಷೆ

ಈಗ ಇತಿಹಾಸಕ್ಕೆ ಬರ್ತೀನಿ. ಇಟಾಲಿಯನ್ ಬರಹದ ಮೊದಲ ದಾಖಲೆ ಅಂತ ಪಾಠ ಮಾಡೋದು 960ನೇ ಇಸವಿಯ ಒಂದು ಕೋರ್ಟು ಕಾಗದವನ್ನ. ಕಾಪುವಾ ಊರಲ್ಲಿ ಒಂದು ಮಠದ ಜಮೀನಿನ ವ್ಯಾಜ್ಯ. ಇಡೀ ಕಾಗದ ಲ್ಯಾಟಿನ್‌ನಲ್ಲಿದೆ, ಸಾಕ್ಷಿ ಹೇಳಿದ ಮಾತು ಮಾತ್ರ ಜನರ ಭಾಷೆಯಲ್ಲಿದೆ. ಈ ಜಮೀನು ಮೂವತ್ತು ವರ್ಷ ಮಠದ ಸ್ವಾಧೀನದಲ್ಲಿತ್ತು ಅಂತ. ನನಗೆ ತಕ್ಷಣ ಹಲ್ಮಿಡಿ ನೆನಪಾಯ್ತು. ಅದೂ ಭೂಮಿಯ ವಿಷಯವೇ, ಯುದ್ಧದಲ್ಲಿ ಗೆದ್ದವನಿಗೆ ಊರು ದಾನ ಕೊಟ್ಟದ್ದು. ಅದು ಸುಮಾರು 450ನೇ ಇಸವಿ ಅಂತ ನಾವು ಓದಿದ್ದೀವಿ. ಎರಡು ಭಾಷೆಗಳೂ ಬರಹಕ್ಕೆ ಬಂದದ್ದು ಜಮೀನಿನ ಕಾಗದದ ಮೂಲಕ.

ಪೆರೂಜಾದಿಂದ ಅರ್ಧ ಗಂಟೆ ರೈಲಿನಲ್ಲಿ ಹೋದ್ರೆ ಅಸ್ಸೀಸಿ. ಅಲ್ಲಿನ ಸಂತ ಫ್ರಾನ್ಸಿಸ್ 1220ರ ದಶಕದಲ್ಲಿ ಸೂರ್ಯ, ಚಂದ್ರ, ಗಾಳಿ, ನೀರನ್ನೆಲ್ಲ ಅಣ್ಣ, ಅಕ್ಕ ಅಂತ ಕರೆದು ಒಂದು ಸ್ತುತಿಗೀತೆ ಕಟ್ಟಿದ. ಲ್ಯಾಟಿನ್‌ನಲ್ಲಿ ಅಲ್ಲ, ಉಂಬ್ರಿಯಾದ ಆಡುಮಾತಿನಲ್ಲಿ. ಇಟಾಲಿಯನ್ ಸಾಹಿತ್ಯದ ಚರಿತ್ರೆ ಅಲ್ಲಿಂದಲೇ ಶುರು. ದೇವರ ಜೊತೆ ಮಾತಾಡೋಕೆ ದೊಡ್ಡ ಭಾಷೆ ಬೇಡ, ಮನೆಭಾಷೆ ಸಾಕು ಅನ್ನೋದು ವಚನಗಳನ್ನ ಓದಿದ ನಮಗೆ ಹೊಸ ವಿಷಯ ಅಲ್ಲ.

ಆಮೇಲೆ ದಾಂತೆ. 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿ, ಗಡೀಪಾರಾಗಿ, 1321ರಲ್ಲಿ ರವೆನ್ನಾದಲ್ಲಿ ಸತ್ತ. ಅವನ ಮಹಾಕಾವ್ಯದ ಹೆಸರು ಎಲ್ಲರಿಗೂ ಗೊತ್ತು. ತರಗತಿಯಲ್ಲಿ ನನ್ನನ್ನ ಹಿಡಿದದ್ದು ಅವನ ಇನ್ನೊಂದು ಪುಸ್ತಕ, ಜನಭಾಷೆಯ ಬಗ್ಗೆ ಅವನು ಲ್ಯಾಟಿನ್‌ನಲ್ಲಿ ಬರೆದದ್ದು. ಅದರಲ್ಲಿ ಅವನು ಇಟಲಿಯ ಮಾತುಗಳನ್ನ ಪಟ್ಟಿ ಮಾಡ್ತಾ ಹೋಗ್ತಾನೆ, ಮುಖ್ಯವಾದವೇ ಹದಿನಾಲ್ಕು ಅಂತಾನೆ, ಒಳಭೇದ ಎಣಿಸಿದ್ರೆ ಲೆಕ್ಕವೇ ಸಿಗೋದಿಲ್ಲ ಅಂತಾನೆ. ಕಾವ್ಯಕ್ಕೆ ಯಾವುದು ಯೋಗ್ಯ ಅಂತ ಒಂದೊಂದನ್ನೇ ತೂಗಿ ನೋಡ್ತಾನೆ.

ಆಗ ನಾನು ಕೈ ಎತ್ತಿ ಹೇಳಿದೆ, "ನಮ್ಮಲ್ಲೂ ಇಂಥ ಪುಸ್ತಕ ಇದೆ, ಇದಕ್ಕಿಂತ ನಾಲ್ಕೂವರೆ ಶತಮಾನ ಹಳೆಯದು." ಕವಿರಾಜಮಾರ್ಗ. 9ನೇ ಶತಮಾನದಲ್ಲಿ ಶ್ರೀವಿಜಯ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಅಂತ ಗುರುತಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಿನದು ಕನ್ನಡದ ತಿರುಳು ಅಂದ. ನಾಡಿನ ಕನ್ನಡಗಳು ಎಷ್ಟು ಬಗೆ ಅಂದ್ರೆ, ಸಾವಿರ ನಾಲಗೆಯ ವಾಸುಕಿಗೂ ಅವನ್ನ ತಿಳಿದು ಮುಗಿಸೋಕಾಗದೆ ಬೇಸರ ಬರುತ್ತೆ ಅಂತಾನೆ. ಪ್ರೊಫೆಸರ್ ಬೋರ್ಡಿನ ಮೇಲೆ "850, ಕನ್ನಡ" ಅಂತ ಬರೆದು, ಮುಂದಿನ ವಾರ ಹತ್ತು ನಿಮಿಷ ಇದರ ಬಗ್ಗೆ ಮಾತಾಡು ಅಂದ್ರು. ನಾನು ಪಿಯುಸಿ ಆದಮೇಲೆ ಕನ್ನಡ ಸಾಹಿತ್ಯ ಚರಿತ್ರೆ ತೆರೆದು ಓದಿದ್ದು ಅದೇ ಮೊದಲು, ಇಟಲಿಯಲ್ಲಿ ಕೂತು.

ಮುಂದಿನ ಕಥೆ ಚಿಕ್ಕದಾಗಿ ಹೇಳ್ತೀನಿ. 1525ರಲ್ಲಿ ಪಿಯೆತ್ರೊ ಬೆಂಬೊ ಎಂಬ ವೆನಿಸಿನ ವಿದ್ವಾಂಸ, ಬರೆಯೋದಿದ್ರೆ ಇನ್ನೂರು ವರ್ಷ ಹಳೆಯ ಫ್ಲಾರೆನ್ಸಿನ ಭಾಷೆಯಲ್ಲಿ, ಪೆತ್ರಾರ್ಕ ಮತ್ತು ಬೊಕ್ಕಾಚೊ ಬರೆದ ಹಾಗೆ ಬರೀಬೇಕು ಅಂತ ವಾದಿಸಿದ, ಗೆದ್ದ. 1583ರಲ್ಲಿ ಫ್ಲಾರೆನ್ಸಿನಲ್ಲಿ "ಕ್ರೂಸ್ಕಾ" ಅಕಾಡೆಮಿ ಹುಟ್ಟಿತು. ಕ್ರೂಸ್ಕಾ ಅಂದರೆ ತೌಡು; ಭಾಷೆಯ ತೌಡು ತೆಗೆದು ಹಿಟ್ಟು ಉಳಿಸ್ತೀವಿ ಅಂತ. 1612ರಲ್ಲಿ ಅವರ ನಿಘಂಟು ಬಂತು. ಇಷ್ಟೆಲ್ಲ ಆದರೂ ಇಟಲಿ ಅನ್ನೋ ದೇಶವೇ ಇರಲಿಲ್ಲ! ಅದು ಒಂದಾದದ್ದು 1861ರಲ್ಲಿ. ಆಗ ಎಷ್ಟು ಜನಕ್ಕೆ ಇಟಾಲಿಯನ್ ಬರ್ತಿತ್ತು? ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ 1963ರಲ್ಲಿ ಮಾಡಿದ ಅಂದಾಜು ಶೇ. 2.5. ಆಮೇಲೆ ಬಂದ ಇನ್ನೊಬ್ಬ ವಿದ್ವಾಂಸ ಕಾಸ್ತೆಲ್ಲಾನಿ ಅದನ್ನ ಶೇ. 10ರ ಹತ್ತಿರಕ್ಕೆ ಏರಿಸಿದರು. ಯಾವುದನ್ನೇ ಒಪ್ಪಿ, ನೂರಕ್ಕೆ ತೊಂಬತ್ತು ಜನಕ್ಕೆ ರಾಷ್ಟ್ರಭಾಷೆ ಬರ್ತಿರಲಿಲ್ಲ. ಅವರಿಗೆ ಬರ್ತಿದ್ದದ್ದು ನೆಯಪಾಲಿಟನ್, ಸಿಸಿಲಿಯನ್, ವೆನೆಶಿಯನ್, ಪಿಯೆಮೊಂತೆಸೆ. ಇವನ್ನ "ದಿಯಲೆತ್ತೊ" ಅಂತಾರೆ. ಆದರೆ ಇವು ಇಟಾಲಿಯನ್‌ನಿಂದ ಕೆಟ್ಟು ಹುಟ್ಟಿದವಲ್ಲ, ಇಟಾಲಿಯನ್ ಹಾಗೇ ನೇರವಾಗಿ ಲ್ಯಾಟಿನ್‌ನಿಂದ ಬಂದವು. ಅಕ್ಕತಂಗಿಯರು, ಅಷ್ಟೇ. ಒಬ್ಬಳಿಗೆ ಮಾತ್ರ ಅಧಿಕಾರ ಸಿಕ್ಕಿತು.

ಊರು ಬಿಟ್ಟವರು ಕಟ್ಟಿದ ಭಾಷೆ

ಹಾಗಾದ್ರೆ ಇಡೀ ದೇಶಕ್ಕೆ ಇಟಾಲಿಯನ್ ಬಂದದ್ದು ಹೇಗೆ? ಶಾಲೆ, ಸೈನ್ಯ, ಪತ್ರಿಕೆ ಎಲ್ಲ ಸೇರಿ. ಆದರೆ ದೆ ಮೌರೊ ಒಂದು ಕಾರಣಕ್ಕೆ ಒತ್ತು ಕೊಡ್ತಾರೆ, ಅದು ನಮ್ಮಂಥವರಿಗೆ ಸಂಬಂಧಪಟ್ಟದ್ದು: ವಲಸೆ. 1876ರಿಂದ 1915ರವರೆಗೆ ಸುಮಾರು 1.4 ಕೋಟಿ ಜನ ಇಟಲಿ ಬಿಟ್ಟು ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್, ಫ್ರಾನ್ಸ್ ಕಡೆ ಹೋದ್ರು. ಹೋದವರಿಗೆ ಮನೆಗೆ ಕಾಗದ ಬರೆಯೋ ಅವಶ್ಯಕತೆ, ಮನೆಯವರಿಗೆ ಅದನ್ನ ಓದೋ ಅವಶ್ಯಕತೆ. ಅಕ್ಷರ ಬಾರದೆ ಹೋದ್ರೆ ಮೋಸ ಹೋಗ್ತೀವಿ ಅನ್ನೋದು ಅನುಭವ. ಮಕ್ಕಳನ್ನ ಶಾಲೆಗೆ ಕಳಿಸಿ ಅಂತ ಹೋದವರೇ ಬರೆದು ಹೇಳಿದ್ರು.

ಎರಡನೆಯ ಅಲೆ 1950, 60ರ ದಶಕದ್ದು. ದಕ್ಷಿಣದ ಕಲಾಬ್ರಿಯಾ, ಪೂಲ್ಯಾ, ಸಿಸಿಲಿಯಿಂದ ಲಕ್ಷಾಂತರ ಜನ ತೂರಿನ್ ನಗರದ ಕಾರ್ಖಾನೆಗಳಿಗೆ, ಮಿಲಾನಿಗೆ ಬಂದ್ರು. "ದಕ್ಷಿಣದವರಿಗೆ ಮನೆ ಬಾಡಿಗೆಗೆ ಇಲ್ಲ" ಅನ್ನೋ ಬೋರ್ಡುಗಳು ಆ ಕಾಲದ ತೂರಿನ್‌ನಲ್ಲಿ ಇದ್ದವು. ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಹುಡುಕಿದ ನಿಮಗೆ ಇದನ್ನ ವಿವರಿಸೋದು ಬೇಡ. ಆ ಕಾರ್ಖಾನೆ ಕಾಲೊನಿಗಳಲ್ಲಿ ಒಬ್ಬನದು ಸಿಸಿಲಿಯನ್, ಪಕ್ಕದ ಮನೆಯವನದು ಪಿಯೆಮೊಂತೆಸೆ. ಒಬ್ಬರಿಗೊಬ್ಬರು ಅರ್ಥವಾಗೋದಿಲ್ಲ. ಮಧ್ಯದಲ್ಲಿ ಇಟಾಲಿಯನ್ ಬಂತು. ಮಕ್ಕಳಿಗೆ ಅದೇ ಮೊದಲ ಭಾಷೆಯಾಯ್ತು.

1954ರ ಜನವರಿ 3ರಂದು ಟಿವಿ ಪ್ರಸಾರ ಶುರುವಾಯ್ತು. 1960ರಿಂದ 68ರವರೆಗೆ ಅಲ್ಬೆರ್ತೊ ಮಾನ್ಜಿ ಎಂಬ ಶಾಲಾ ಮೇಷ್ಟ್ರು ಸಂಜೆ ಟಿವಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸ್ತಿದ್ರು. ದೊಡ್ಡ ಕಾಗದದ ಮೇಲೆ ಇದ್ದಿಲಿನಿಂದ ಚಿತ್ರ ಬರೀತಾ, ಪಕ್ಕದಲ್ಲಿ ಪದ ಬರೀತಾ. ಕಾರ್ಯಕ್ರಮದ ಹೆಸರಿನ ಅರ್ಥ "ಯಾವತ್ತೂ ತಡವಾಗಿಲ್ಲ" ಅಂತ. ಮೂವತ್ತೆರಡನೇ ವಯಸ್ಸಿಗೆ ವಿದ್ಯಾರ್ಥಿಯಾದ ನನಗೆ ಆ ಹೆಸರು ಬಹಳ ಹಿಡಿಸಿತು.

ತೆತ್ತ ಬೆಲೆ

ಇಲ್ಲೀವರೆಗೆ ಇದೊಂದು ಯಶಸ್ಸಿನ ಕಥೆ. ಆದರೆ ತರಗತಿ ಇಲ್ಲಿಗೆ ನಿಲ್ಲಲಿಲ್ಲ. 2015ರ ಇಟಲಿಯ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಸಮೀಕ್ಷೆ ನೋಡಿದ್ವಿ. ಮನೆಯಲ್ಲಿ ಮುಖ್ಯವಾಗಿ ತಮ್ಮ ಊರ ಮಾತನ್ನೇ ಆಡೋರು ಶೇ. 14 ಮಾತ್ರ. ನೂರೈವತ್ತು ವರ್ಷದಲ್ಲಿ ಲೆಕ್ಕ ತಲೆಕೆಳಗಾಗಿದೆ. 1999ರ ಒಂದು ಕಾನೂನು ಹನ್ನೆರಡು ಅಲ್ಪಸಂಖ್ಯಾತ ಭಾಷೆಗಳಿಗೆ ರಕ್ಷಣೆ ಕೊಡುತ್ತೆ: ಸಾರ್ಡಿನಿಯನ್, ಫ್ರಿಯುಲಿಯನ್, ಲದಿನ್, ಅಲ್ಬೇನಿಯನ್ ಇತ್ಯಾದಿ. ಲಕ್ಷಾಂತರ ಜನ ಆಡೋ ನೆಯಪಾಲಿಟನ್, ಸಿಸಿಲಿಯನ್ ಆ ಪಟ್ಟಿಯಲ್ಲಿ ಇಲ್ಲ. ಎಂಟನೇ ಪರಿಚ್ಛೇದದಲ್ಲಿ ಕನ್ನಡ ಇದೆ, ತುಳು, ಕೊಡವ ಇಲ್ಲ. ಪಟ್ಟಿಯ ಒಳಗಿರೋರಿಗೆ ಪಟ್ಟಿಯ ಹೊರಗಿನವರ ನೋವು ಸುಲಭಕ್ಕೆ ಕಾಣೋದಿಲ್ಲ ಅನ್ನೋದು ನನಗೆ ಅಲ್ಲಿ ಹೊಳೀತು.

ನಾನು ರೂಮು ಮಾಡ್ಕೊಂಡಿದ್ದ ಮನೆಯ ಅಜ್ಜಿ ನನ್ನ ಜೊತೆ ಅಚ್ಚುಕಟ್ಟಾದ ಇಟಾಲಿಯನ್ ಆಡ್ತಿದ್ರು. ತಂಗಿ ಫೋನ್ ಮಾಡಿದಾಗ ಮಾತ್ರ ಬೇರೆಯೇ ಮಾತು, ಬೇರೆಯೇ ನಗು. ಮೊಮ್ಮಗ ಬಂದ್ರೆ ಮತ್ತೆ ಅಚ್ಚುಕಟ್ಟು. ನಾನು ಕೇಳಿದೆ, ಅವನಿಗೆ ಯಾಕೆ ಕಲಿಸಲಿಲ್ಲ ಅಂತ. ಶಾಲೆಯಲ್ಲಿ ತಾವು ಹಾಗೆ ಮಾತಾಡಿದ್ದಕ್ಕೆ ಏಟು ತಿಂದಿದ್ವಿ, ಮಕ್ಕಳಿಗೆ ಆ ಅವಮಾನ ಬೇಡ ಅಂದುಕೊಂಡ್ವಿ ಅಂದ್ರು. ಈಗ ಅವರ ಅಮ್ಮನ ಗಾದೆಗಳನ್ನ ಕೇಳಿ ನಗೋಕೆ ಮನೆಯಲ್ಲಿ ಯಾರೂ ಇಲ್ಲ.

ಇದನ್ನ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಮನೆ. ಅಣ್ಣ ಹೈದರಾಬಾದಿನಲ್ಲಿದ್ದಾನೆ, ಮಗಳಿಗೆ ಆಗ ಆರು ವರ್ಷ. ನಮ್ಮಮ್ಮ ಹೊನ್ನಾವರ ಕಡೆಯ ಮನೆಮಾತಿನವಳು. ಮೊಮ್ಮಗಳ ಜೊತೆ ಫೋನಲ್ಲಿ ಮಾತಾಡುವಾಗ ಮಾತ್ರ ಟಿವಿಯಲ್ಲಿ ವಾರ್ತೆ ಓದೋರ ಹಾಗೆ ಕನ್ನಡ ಆಡ್ತಾಳೆ, ಮಧ್ಯೆ ಮಧ್ಯೆ ಇಂಗ್ಲಿಷ್ ಬೆರೆಸ್ತಾಳೆ. "ಎಂತಕ್ಕೆ ಹೀಗೆ ಮಾತಾಡ್ತೆ ಅಮ್ಮ?" ಅಂತ ಕೇಳಿದ್ರೆ, "ನಮ್ಮ ಮಾತು ಕಲಿತ್ರೆ ಮಗು ಕನ್ನಡ ಹಾಳಾಗ್ತು" ಅಂತಾಳೆ. ಕುಂದಾಪುರದವರು, ಕಲಬುರಗಿಯವರು, ಚಾಮರಾಜನಗರದವರು, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇದೇ ಮಾತು ಕೇಳಿದೆ, ಹೇಳಿ?

ಆ ವಾರ ನಾವು ಗ್ರಾಮ್ಶಿಯ ಒಂದು ಪತ್ರ ಓದ್ತಿದ್ವಿ. ಅಂತೋನಿಯೊ ಗ್ರಾಮ್ಶಿ ರಾಜಕೀಯ ಚಿಂತಕ ಅಂತ ಹೆಸರಾದವರು. ಆದರೆ ಅವರು ಮೂಲತಃ ಸಾರ್ಡಿನಿಯಾದ ಬಡ ಮನೆಯ ಹುಡುಗ, 1911ರಲ್ಲಿ ಸ್ಕಾಲರ್‌ಶಿಪ್ ಮೇಲೆ ತೂರಿನ್‌ಗೆ ಓದೋಕೆ ಬಂದವರು, ಓದಿದ್ದು ಭಾಷಾವಿಜ್ಞಾನ. 1927ರ ಮಾರ್ಚಿನಲ್ಲಿ ಮುಸೊಲಿನಿಯ ಜೈಲಿನಿಂದ ತಂಗಿ ತೆರೆಸೀನಾಗೆ ಕಾಗದ ಬರೀತಾರೆ. ನಿನ್ನ ಮಗ ಸಾರ್ಡಿನಿಯನ್ ಆಡಲಿ, ತಡೀಬೇಡ ಅಂತ. ಸಾರ್ಡಿನಿಯನ್ ಇಟಾಲಿಯನ್‌ನ ಒಂದು ಉಪಭಾಷೆ ಅಲ್ಲ, ತನ್ನಷ್ಟಕ್ಕೆ ಒಂದು ಭಾಷೆ ಅಂತಾರೆ. ಅಣ್ಣನ ಮಗಳಿಗೆ ಚಿಕ್ಕಂದಿನಲ್ಲಿ ಆ ಮಾತನ್ನ ಆಡೋಕೆ ಬಿಡದೆ ಇದ್ದದ್ದರಿಂದ ಅವಳಿಗೆ ನಷ್ಟವಾಯ್ತು ಅಂತಾರೆ. ಜೈಲಿನಲ್ಲಿರೋ ಮನುಷ್ಯ, ಆರೋಗ್ಯ ಇಲ್ಲ, ಮುಂದೇನು ಗೊತ್ತಿಲ್ಲ. ಅವನ ಚಿಂತೆ ತಂಗಿಯ ಮಗು ಯಾವ ಭಾಷೆಯಲ್ಲಿ ಆಡುತ್ತೆ ಅನ್ನೋದು. ಗ್ರಾಮ್ಶಿ ಇಟಾಲಿಯನ್ ವಿರೋಧಿ ಅಲ್ಲ, ನೆನಪಿಡಿ. ಬಡವರ ಮಕ್ಕಳಿಗೆ ರಾಷ್ಟ್ರಭಾಷೆ ಚೆನ್ನಾಗಿ ಬರಲೇಬೇಕು ಅನ್ನೋದು ಅವರದೇ ವಾದ. ಎರಡೂ ಬೇಕು ಅನ್ನೋದು ಅವರ ಮಾತು.

ನಾನು ಅದರ ಸಾರಾಂಶವನ್ನ ಅಣ್ಣನಿಗೆ ಕಳಿಸಿದೆ. ಅವನು ಹೇಳಿದ, "ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ತೆಲುಗು. ಮನೇಲಿ ಕನ್ನಡ. ಅದರ ಮೇಲೆ ಮತ್ತೆ ಊರ ಮಾತು ಬೇರೆ. ಮಗು ತಲೆ ಏನಾಗಬೇಕು ಮಾರಾಯ್ತಿ?" ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಆಸ್ಕೋಲಿಯದ್ದು. 1868ರಲ್ಲಿ ಕಾದಂಬರಿಕಾರ ಮಾನ್ಜೋನಿ, ಫ್ಲಾರೆನ್ಸಿನ ಜನ ಇವತ್ತು ಆಡೋ ಮಾತನ್ನೇ ದೇಶಕ್ಕೆಲ್ಲ ಕಲಿಸಿ ಅಂತ ಸರ್ಕಾರಕ್ಕೆ ವರದಿ ಕೊಟ್ರು. 1873ರಲ್ಲಿ ಭಾಷಾವಿಜ್ಞಾನಿ ಆಸ್ಕೋಲಿ ಅದನ್ನ ವಿರೋಧಿಸಿದ್ರು. ಒಂದು ಊರಿನ ಮಾತನ್ನ ಎಲ್ಲರ ಮೇಲೆ ಹೇರಿದ್ರೆ ಭಾಷೆ ಒಂದಾಗೋದಿಲ್ಲ, ಜನ ಒಟ್ಟಿಗೆ ಕೆಲಸ ಮಾಡಿ, ಓದಿ, ಯೋಚಿಸಿದ್ರೆ ಆಗುತ್ತೆ ಅಂತ. ಎರಡು ಮಾತು ಬಲ್ಲ ಮಕ್ಕಳು ಬುದ್ಧಿಯ ವಿಷಯದಲ್ಲಿ ಮುಂದೆ ಇರ್ತಾರೆ ಅನ್ನೋದನ್ನೂ ಅಲ್ಲೇ ಬರೆದಿದ್ದಾರೆ. ನೂರೈವತ್ತು ವರ್ಷದ ಹಿಂದೆ!

ಅಣ್ಣ ಪೂರ್ತಿ ಒಪ್ಪಲಿಲ್ಲ. ಆದರೆ ಅಮ್ಮನಿಗೆ ಒಂದು ಮಾತು ಹೇಳಿದ, "ನೀನು ನಿನ್ನ ಹಾಗೇ ಮಾತಾಡು, ಅವಳಿಗೆ ಅರ್ಥವಾಗದಿದ್ರೆ ಅವಳೇ ಕೇಳ್ತಾಳೆ" ಅಂತ. ಈಗ ವಾರಕ್ಕೆ ಮೂರು ದಿನ ಅಜ್ಜಿ, ಮೊಮ್ಮಗಳ ಫೋನು. ಮಗು ಅರ್ಧ ತೆಲುಗು, ಅರ್ಧ ಇಂಗ್ಲಿಷ್ ಸೇರಿಸಿ ಉತ್ತರ ಕೊಡುತ್ತೆ. ಆದರೆ ಅಮ್ಮ ಜೋಕು ಹೇಳಿದ್ರೆ ಸರಿಯಾದ ಜಾಗಕ್ಕೆ ನಗುತ್ತೆ. ಸದ್ಯಕ್ಕೆ ಅಷ್ಟು ಸಾಕು ಅಂತ ನನಗನಿಸುತ್ತೆ.

ಅಲ್ಲಿಂದ ಇಲ್ಲಿಗೆ ಬಂದವರು

ಇಟಾಲಿಯನ್ ಕಲಿತದ್ದಕ್ಕೆ ಸಿಕ್ಕಿದ ಇನ್ನೊಂದು ಲಾಭ ಹೇಳ್ತೀನಿ. 1420ರ ಸುಮಾರಿಗೆ ವಿಜಯನಗರಕ್ಕೆ ಬಂದ ನಿಕೊಲೊ ದೆ ಕೊಂತಿ ಹೆಸರು ಶಾಲೆಯಲ್ಲಿ ಓದಿದ್ದೀವಿ. ಆದರೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಯಾತ್ರಿಕನನ್ನ ನಾನು ಮೂಲದಲ್ಲೇ ಓದಿದೆ. ಅವನು 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಅಂದರೆ ನಮ್ಮೂರಿನ ಹೊಳೆಯಲ್ಲೇ ದೋಣಿಯಲ್ಲಿ ಹೋಗಿದ್ದಾನೆ! ದಾರಿಯಲ್ಲಿ ಒಂದು ಗುಡಿಯ ಜಗುಲಿಯಲ್ಲಿ ಹುಡುಗರು ಮರಳು ಹರಡಿ, ಬೆರಳಿನಲ್ಲಿ ಬರೆದು, ರಾಗವಾಗಿ ಹೇಳ್ತಾ ಲೆಕ್ಕ ಕಲಿಯೋದನ್ನ ಕೂತು ನೋಡಿ ವಿವರವಾಗಿ ಬರೆದಿದ್ದಾನೆ. ಆಮೇಲೆ ಮಂಗಳೂರಿನ ಕಡೆ ಹೋಗಿ ಉಳ್ಳಾಲದ ರಾಣಿಯನ್ನ ಕಂಡು ಮಾತಾಡಿದ್ದಾನೆ. ರಾಣಿ ಬರಿಗಾಲಲ್ಲಿ, ನಡ್ಕೊಂಡು, ತೋಡಿನ ಕೆಲಸ ನೋಡೋಕೆ ಬಂದಿದ್ರಂತೆ. ನಾನೂರು ವರ್ಷ ಹಳೆಯ ನಮ್ಮ ಸೀಮೆಯ ದಿನನಿತ್ಯದ ಬದುಕನ್ನ ನಾನು ಓದಿದ್ದು ಇಟಾಲಿಯನ್‌ನಲ್ಲಿ.

ಚೆನ್ನೈ ಗೆಳೆಯರು ಮೆರೀನಾ ಬೀಚಿನಲ್ಲಿ ವೀರಮಾಮುನಿವರ್ ಪ್ರತಿಮೆ ನೋಡಿರ್ತೀರಿ. ಅವರ ಮೂಲ ಹೆಸರು ಬೆಸ್ಕಿ, ಉತ್ತರ ಇಟಲಿಯವರು, 1680ರಲ್ಲಿ ಹುಟ್ಟಿದವರು. ತಮಿಳಿನಲ್ಲಿ ಮಹಾಕಾವ್ಯವನ್ನೇ ಬರೆದ್ರು. ಬೇರೆ ಊರಿಗೆ ಬದುಕೋಕೆ ಬಂದವರು ಅಲ್ಲಿನ ಭಾಷೆಯನ್ನ ಎಷ್ಟು ಆಳವಾಗಿ ಕಲೀಬಹುದು ಅನ್ನೋದಕ್ಕೆ ನಮಗೆಲ್ಲ ಒಂದು ಪಾಠ ಅದು. ಹತ್ತು ವರ್ಷ ಪುಣೆಯಲ್ಲಿದ್ದು "ಮಲಾ ಮರಾಠಿ ಯೇತ್ ನಾಹಿ" ಅನ್ನೋರು ನಮ್ಮಲ್ಲಿ ಕಡಿಮೆಯೇನಿಲ್ಲ.

ಓದೋ ಮನಸ್ಸಿದ್ರೆ

ಕೊನೆಗೆ ಉಪಯೋಗಕ್ಕೆ ಬರೋ ನಾಲ್ಕು ಮಾತು.

ಒಂದು, ಕೆಲಸ ಬಿಡೋಕೆ ಮುಂಚೆ ಇಲ್ಲೇ ಎ2 ಹಂತದವರೆಗಾದ್ರೂ ಕಲೀರಿ. ದಿಲ್ಲಿಯವರಿಗೆ ದಿಲ್ಲಿ ವಿಶ್ವವಿದ್ಯಾಲಯದಲ್ಲೂ, ಇಟಲಿ ಸರ್ಕಾರದ ಸಾಂಸ್ಕೃತಿಕ ಕೇಂದ್ರದಲ್ಲೂ ಅನುಕೂಲ ಇದೆ. ಇಟಾಲಿಯನ್ ಮಾಧ್ಯಮದ ಪದವಿಗೆ ಸೇರಬೇಕಾದ್ರೆ ಸಾಮಾನ್ಯವಾಗಿ ಬಿ2 ಹಂತ ಕೇಳ್ತಾರೆ.

ಎರಡು, ಅಲ್ಲಿ ಮೊದಲ ಪದವಿ ಮೂರು ವರ್ಷ, 180 ಕ್ರೆಡಿಟ್; ಆಮೇಲಿನದು ಎರಡು ವರ್ಷ, 120 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25 ಗಂಟೆ ಓದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಶುಲ್ಕ ಕುಟುಂಬದ ಆದಾಯ ನೋಡಿ ನಿರ್ಧಾರವಾಗುತ್ತೆ. ಪ್ರಾಂತೀಯ ಸರ್ಕಾರಗಳ ವಿದ್ಯಾರ್ಥಿವೇತನವೂ ಇದೆ, ವಿದೇಶಿಯರೂ ಅರ್ಜಿ ಹಾಕಬಹುದು. ಆದಾಯದ ಕಾಗದಪತ್ರಗಳ ಅನುವಾದ, ದೃಢೀಕರಣಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತೆ, ಬೇಗ ಶುರು ಮಾಡಿ. ನನ್ನ ಹಾಗೆ ಭಾಷಾ ಕೋರ್ಸಿಗೆ ಮಾತ್ರ ಹೋಗೋರಿಗೆ ಶುಲ್ಕದ ಲೆಕ್ಕ ಬೇರೆ. ಅಲ್ಲಿ ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಕೊಡಲೇಬೇಕು. ವಿದ್ಯಾರ್ಥಿ ಪರವಾನಗಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು.

ಮೂರು, ಪರೀಕ್ಷೆ. ಬಹಳಷ್ಟು ವಿಷಯಗಳಿಗೆ ಮೌಖಿಕ ಪರೀಕ್ಷೆ. ಪ್ರೊಫೆಸರ್ ಎದುರು ಕೂತು, ಎಲ್ಲರೂ ಕೇಳಿಸಿಕೊಳ್ತಿರುವಾಗ ಮಾತಾಡಬೇಕು. 30ಕ್ಕೆ ಅಂಕ, 18 ಬಂದ್ರೆ ಪಾಸು. ಬಂದ ಅಂಕ ಇಷ್ಟವಾಗದಿದ್ರೆ ಬೇಡ ಅಂತ ಹೇಳಿ ಮತ್ತೊಮ್ಮೆ ಕೂರಬಹುದು. ಗೈಡು ಓದಿ ಬರೆದು ಪಾಸಾದ ನಮಗೆ ಇದು ಮೊದಮೊದಲು ಭಯ. ಆದರೆ ಒಂದು ವಿಷಯ ನಿಮಗೆ ನಿಜವಾಗಿ ಅರ್ಥವಾಗಿದೆಯಾ ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ.

ನಾಲ್ಕು, ದುಡ್ಡು. ನಾನು ಹೋಗೋ ಮುಂಚೆ ಎರಡು ವರ್ಷದ ಖರ್ಚಿನಷ್ಟು ಕೂಡಿಟ್ಟಿದ್ದೆ, ಮನೆ ಸಾಲ ಇರಲಿಲ್ಲ. ಇಎಂಐ ಇರೋರಿಗೆ, ಚಿಕ್ಕ ಮಕ್ಕಳಿರೋರಿಗೆ "ಕನಸಿನ ಹಿಂದೆ ಹೋಗಿ" ಅಂತ ನಾನು ಹೇಳೋದಿಲ್ಲ. ಸಂಜೆ ಕ್ಲಾಸು, ಆನ್‌ಲೈನ್ ಕ್ಲಾಸು, ರಜೆಯಲ್ಲಿ ಒಂದು ತಿಂಗಳ ಕೋರ್ಸು, ಇವೂ ಓದೇ.

ಮತ್ತೆ ಇಟಾಲಿಯನ್ನೇ ಆಗಬೇಕು ಅಂತೇನಿಲ್ಲ. ಹೈದರಾಬಾದಿನಲ್ಲಿದ್ರೆ ತೆಲುಗಿನ ಚರಿತ್ರೆ ಓದಿ, ಚೆನ್ನೈಯಲ್ಲಿದ್ರೆ ತಮಿಳಿನದು, ಪುಣೆಯಲ್ಲಿದ್ರೆ ಮರಾಠಿಯದು. ಒಂದು ಜನ ತಮ್ಮ ಭಾಷೆಯನ್ನ ಹೇಗೆ ಕಟ್ಟಿಕೊಂಡ್ರು, ಕಟ್ಟುವಾಗ ಯಾರ ಮಾತನ್ನ ಒಳಗೆ ಕರೆದ್ರು, ಯಾರದನ್ನ ಹೊರಗೆ ನಿಲ್ಲಿಸಿದ್ರು ಅಂತ ಕೇಳ್ತಾ ಓದಿ. ಆಮೇಲೆ ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ ಆಡೋ ಕನ್ನಡವನ್ನ ಒಮ್ಮೆ ಕಿವಿಗೊಟ್ಟು ಕೇಳಿ. ಅದನ್ನ ತಿದ್ದೋಕೆ ಹೋಗ್ಬೇಡಿ.

ಪ್ರಶ್ನೆಗಳಿದ್ರೆ ನಿಮ್ಮ ಊರ ಕನ್ನಡದಲ್ಲೇ ಬರೀರಿ, ಓದಿ ಉತ್ತರ ಕೊಡ್ತೀನಿ.